ಅರ್ಧ ಪುಸ್ತಕ, ಅರ್ಧ ಕಿಲೋ ಕರದಂಟು

ಹದಿನೇಳರ ವಯಸ್ಸಿನಲ್ಲಿ ನನ್ನಷ್ಟು ಶಾಣ್ಯಾಕಿ ಗೋಕಾಕದಲ್ಲಿ ಇನ್ನೊಬ್ಬಳಿಲ್ಲ ಎಂದು ತಿಳಿದಿದ್ದೆ. ಕಾಲೇಜು ಲೈಬ್ರರಿಯಲ್ಲಿ ಸಿಕ್ಕ ಫ್ರೆಂಚ್ ಕಾದಂಬರಿಯ ಅನುವಾದ ಆ ಸೊಕ್ಕನ್ನು ಇನ್ನಷ್ಟು ಏರಿಸಿತು. ಬರೆದವಳೂ ನನ್ನ ವಾರಿಗೆಯವಳೇ, ಅದು ಅವಳ ಮೊದಲ ಪುಸ್ತಕ. ತಾಯಿಯಿಲ್ಲದ ಹುಡುಗಿಯೊಬ್ಬಳು ಅಪ್ಪನ ಮದುವೆ ಮುರಿಯಲು ಹಂಚಿಕೆ ಹಾಕುವ ಕಥೆ. ನನಗೂ ತಾಯಿ ಇರಲಿಲ್ಲ. ಸೋದರತ್ತೆ ಆಗಷ್ಟೇ ಹುಕ್ಕೇರಿಯ ಹೈಸ್ಕೂಲಿನಲ್ಲಿ ಕಲಿಸುವ ಅಕ್ಕೋರೊಬ್ಬರನ್ನು ಅಪ್ಪನಿಗೆ ನೋಡಿದ್ದಳು. ಅವ್ವನ ಜಾಗಕ್ಕೆ ಇನ್ನೊಬ್ಬರು ಬರುವುದು ನನಗೆ ಸುತಾರಾಂ ಬೇಡವಾಗಿತ್ತು. ಅರ್ಧ ಓದುವಷ್ಟರಲ್ಲಿ ಹಂಚಿಕೆ ತಿಳಿಯಿತು. ಉಳಿದದ್ದು ಯಾರಿಗೆ ಬೇಕು?

ಅಪ್ಪ ಮೂಡಲಗಿಯ ತನ್ನ ಬಟ್ಟೆ ಅಂಗಡಿಗೆ ಹೋದ ಮೇಲೆ ಹುಕ್ಕೇರಿ ಬಸ್ಸು ಹತ್ತಿದೆ. ಅಪ್ಪ ಕುಡಿಯುತ್ತಾನೆ ಎಂದು ಹೇಳುವವಳಿದ್ದೆ. ಕುಡಿಯುತ್ತಿದ್ದದ್ದು ಖರೆ, ಚಹಾ. ಆದರೆ ಗೋಕಾಕದವರು ಬರಿಗೈಲಿ ಯಾರ ಮನೆಗಾದರೂ ಹೋಗುವುದುಂಟೇ? ಬಸ್ಸು ಹತ್ತುವ ಮುಂಚೆಯೇ ಅರ್ಧ ಕಿಲೋ ಕರದಂಟು, ನಮ್ಮೂರಿನ ಅಂಟು-ಬೆಲ್ಲದ ಜಿಗುಟು ಸಿಹಿ, ಕಟ್ಟಿಸಿಕೊಂಡಿದ್ದೆ.

ಗೋಕಾಕದ ವರನ ಮಗಳೆಂದು ಹೇಳಿಕೊಂಡೆ; ಡಬ್ಬಿ ನೋಡಿದ್ದೇ ಅಕ್ಕೋರ ತಾಯಿ ಅರಳಿಬಿಟ್ಟರು. ಗಂಡಿನ ಮನೆಯವರು ತಂದ ಸಿಹಿಯನ್ನು ಹೆಣ್ಣಿನ ಮನೆಯವರು ತಿಂದರೆ ನಮ್ಮಲ್ಲಿ ಮದುವೆ ಗಟ್ಟಿಯಾದಂತೆ. ನನಗದು ಹೊಳೆದದ್ದು ಆಗಲೇ.

“ಬೀಗರ ಮನ್ಯಾಗಿಂದ ಸಿಹಿ ಬಂದೈತಿ, ಬರ್ರೆವ್ವಾ!” ಎಂದು ಅವರು ಬಾಜೂ ಮನೆಯವರನ್ನೂ ಕರೆದರು. ನಾನು ಸುಳ್ಳು ಹೇಳಲು ಬಾಯಿ ತೆರೆದೆ, ಅವರು ಅದರೊಳಗೊಂದು ತುಂಡು ತುರುಕಿದರು.

ಅಕ್ಕೋರು ಮಾತ್ರ ತಿನ್ನಲಿಲ್ಲ. ನನ್ನ ಚೀಲದಿಂದ ಇಣುಕುತ್ತಿದ್ದ ಪುಸ್ತಕ ನೋಡಿದರು.

“ಇದನ್ನ ನಾನೂ ಓದೇನಿ. ನೀ ಪೂರಾ ಓದೀ ಏನು?”

“ಅರ್ಧ ಓದೇನ್ರಿ.”

“ಯಾಕ ಬಂದಿ ಅನ್ನೂದು ಗೊತ್ತಾತು. ಉಳಿದಿದ್ದು ಓದು. ಆಮೇಲೂ ನಾ ಬ್ಯಾಡ ಅನಿಸಿದ್ರ ಫೋನ್ ಮಾಡು, ನಾನ ಒಲ್ಲೆ ಅಂತೇನಿ. ಅಲ್ಲೀತನಕ ಇದನ್ನ ಬಾಯಾಗ ಹಾಕೂದಿಲ್ಲ.” ತಮ್ಮ ತುಂಡನ್ನು ಬಟ್ಟಲಲ್ಲಿಟ್ಟು ಮುಚ್ಚಿದರು.

ಮರಳುವ ಬಸ್ಸಿನಲ್ಲಿ ಓದಿ ಮುಗಿಸಿದೆ. ಆ ಹುಡುಗಿ ಗೆದ್ದಿದ್ದಳು. ಗೆದ್ದದ್ದಕ್ಕೆ ಅವಳ ಅಪ್ಪನ ಕೈಹಿಡಿಯಬೇಕಿದ್ದ ಹೆಣ್ಣಿನ ಜೀವ ಹೋಗಿತ್ತು. ನಾನು ಬಿಕ್ಕಿಬಿಕ್ಕಿ ಅತ್ತೆ. “ಸ್ಟಾಪ್ ದಾಟಿತೇನವಾ?” ಎಂದು ಕಂಡಕ್ಟರ್ ಗಾಬರಿಯಾದ.

ಮನೆಯಲ್ಲಿ ಅಪ್ಪ ಬಿಳಿ ಅಂಗಿಗೆ ಕರಿ ದಾರದಿಂದ ಗುಂಡಿ ಹಚ್ಚಿಕೊಳ್ಳುತ್ತಿದ್ದ. ಅವ್ವ ಹೋದಾಗಿನಿಂದ ಅವನ ಎಲ್ಲ ಅಂಗಿಗೂ ಅದೇ ದಾರ. ಫೋನ್ ಹಚ್ಚಿದೆ.

“ಅಕ್ಕೋರ, ತಿನ್ರಿ.”

ಆ ಕಡೆ ಬಟ್ಟಲಿನ ಮುಚ್ಚಳ ತೆಗೆದ ಸದ್ದಾಯಿತು, ನಾನು ಫೋನ್ ಹಿಡಿದೇ ಕಾದೆ. ಕರದಂಟು ಅಗಿಯಲು ಹೊತ್ತು ಹಿಡಿಯುತ್ತದೆ.