ತೊಳೆಯುವ ಹಬ್ಬಕ್ಕೆ ತಕ್ಕ ಪೆಟ್ಟಿಗೆ

ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗೆ ಇಂಟರ್ನೆಟ್ ಕೇಬಲ್ ಹಾಕಿಸುವುದು ನನ್ನ ಕೆಲಸ. ಕೇಬಲಿನೊಳಗಿನ ಕೂದಲಿನಂಥ ಗಾಜಿನ ಎಳೆಗಳನ್ನು ಬೆಸೆದ ಕಡೆಯೆಲ್ಲ ಅವನ್ನು ಕಾಯಲು ಒಂದು ಪೆಟ್ಟಿಗೆ ಬೇಕು. ನಾವು ಕ್ಲೋಷರ್ ಅನ್ನುತ್ತೇವೆ. ಗೋಡೆಗಾದರೆ ಬಾಗಿಲಿರುವ ಚಪ್ಪಟೆಯದು, ನೀರು ನಿಲ್ಲುವ ಗುಂಡಿಗಾದರೆ ಗುಮ್ಮಟದಂಥದ್ದು. ಆಫೀಸಿನವರು ಇಷ್ಟನ್ನು ಬಾಯಿಪಾಠ ಮಾಡಿಕೊಂಡಿದ್ದರು. ಆ ಗೋಡೆಯ ಪಕ್ಕ ಜನವೂ ಇರುತ್ತಾರೆ ಅನ್ನುವುದು ಅವರ ತಲೆಗೇ ಹೊಳೆದಿರಲಿಲ್ಲ.

ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಒಂದು ಮನೆಯ ಹೊರಗೋಡೆಗೆ ಚಪ್ಪಟೆಯದನ್ನೇ ಹಾಕಿದ್ದೆವು. ಆ ಮನೆಯ ಅಜ್ಜಿ ರೇಷ್ಮೆ ಸೀರೆ ನೇಯುತ್ತಾರೆ. ಸೊಸೆ ವಿಡಿಯೋ ಕಾಲಿನಲ್ಲಿ ದೂರದೂರಿನವರಿಗೆ ತೋರಿಸಿ ಮಾರುತ್ತಾಳೆ. ಆಯುಧಪೂಜೆಯ ಬೆಳಿಗ್ಗೆ ಇಡೀ ಬೀದಿಯ ಲೈನ್ ನಿಂತುಹೋಯಿತು. ಹಬ್ಬದ ದಿನವೂ ಬಿಡುವಿಲ್ಲವಲ್ಲ ಅಂತ ಗೊಣಗುತ್ತಲೇ ಹೋದೆ.

ಅಜ್ಜಿ ಹೆಬ್ಬೆರಳಿಗೆ ಸೆರಗು ಸುತ್ತಿಕೊಂಡು ಜಗಲಿಯ ಮೇಲೆ ಕೂತಿದ್ದರು.

"ಮಗ್ಗ ಒರೆಸಿ, ಬೈಕು ತೊಳೆದ್ವಿ ತಾಯಿ. ಈ ಪೆಟ್ಟಿಗೇನೂ ಅನ್ನ ಕೊಡೋದೇ ಅಲ್ವಾ? ಬಾಗ್ಲು ತೆಗ್ದು ಒದ್ದೆ ಬಟ್ಟೇಲಿ ಒಳಗೂ ಒರೆಸ್ದೆ. ಎಳೆ ಕಿತ್ತೋದ್ವು. ಬೂದಿ ಹಚ್ಚಿ ಹೊಸೆದು ಕೂಡಿಸಾಕೆ ನೋಡ್ದೆ, ಕೂಡ್ಲಿಲ್ಲ."

ರೇಷ್ಮೆ ಎಳೆ ಕಿತ್ತುಹೋದರೆ ಅವರು ದಿನಾ ಮಾಡುವುದು ಹಾಗೆಯೇ. ಗಾಜಿನ ಚೂರು ಹೆಬ್ಬೆರಳಿಗೆ ಹೊಕ್ಕಿತ್ತು. ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಮೊದಲು ಚಿಮುಟದಲ್ಲಿ ಚೂರು ತೆಗೆದೆ, ಆಮೇಲೆ ಎಳೆ ಬೆಸೆದೆ.

"ನಮ್ಮನೆ ಲೈನ್ ಕಿತ್ತಾಕ್ತಾರಾ ತಾಯಿ?" ಅಂದರು. ಸೊಸೆ ಬಾಗಿಲಲ್ಲಿ ನಿಂತು ನನ್ನ ಬಾಯನ್ನೇ ನೋಡುತ್ತಿದ್ದಳು.

ಆಫೀಸಿನವರು ಅದನ್ನೇ ಹೇಳಿದರು: ಪೆಟ್ಟಿಗೆ ಮುಟ್ಟಿದ ಮನೆಯ ಲೈನ್ ತೆಗೆಯಿರಿ. ನನಗೆ ಮೈಯೆಲ್ಲ ಉರಿದುಹೋಯಿತು. "ಅನ್ನ ಕೊಡೋದನ್ನ ತೊಳೆದು ಪೂಜೆ ಮಾಡೋ ಬೀದೀಲಿ, ಯಾರು ಬೇಕಾದ್ರೂ ತೆಗೆಯೋ ಬಾಗಿಲಿಟ್ಟವರು ನಾವು. ಇಲ್ಲಿಗೆ ಗುಮ್ಮಟದ್ದು ಹಾಕೋಣ" ಅಂದೆ. ಗೋಡೆಗೆ ಯಾರಾದರೂ ಗುಮ್ಮಟ ಹಾಕುತ್ತಾರಾ ಅಂತ ನಕ್ಕರು. ನಗಲಿ ಬಿಡಿ. ಹಟ ಹಿಡಿದು ಅದನ್ನೇ ಹಾಕಿಸಿದೆ: ಬಾಯಿ ಕೆಳಗೆ, ಸುತ್ತ ನೀರು ನುಸುಳದಂಥ ರಬ್ಬರ್ ಉಂಗುರ, ಬರಿಗೈಯಲ್ಲಿ ಬಿಚ್ಚಲಾಗದ ಪಟ್ಟಿ. ಆ ಮನೆಯ ಲೈನ್ ಉಳಿಯಿತು.

ಮುಂದಿನ ಆಯುಧಪೂಜೆಗೆ ಬೇಕೆಂದೇ ಹೋದೆ. ಮಗ್ಗಕ್ಕೆ, ಬೈಕಿಗೆ, ರುಬ್ಬುವ ಕಲ್ಲಿಗೂ ಕುಂಕುಮ ಇಟ್ಟಾಗಿತ್ತು. ಪೆಟ್ಟಿಗೆಯ ಮೇಲೆ ಮಾತ್ರ ವರ್ಷದ ಧೂಳು ಹಾಗೇ ಕೂತಿತ್ತು.

"ಇದನ್ನ ತೊಳೀಲಿಲ್ವಾ ಅಜ್ಜಿ?"

"ಬ್ಯಾಡ ತಾಯಿ. ಅದ್ರ ತಂಟೆಗೆ ಹೋಗಾಕೆ ಹೆದ್ರಿಕೆ ಆಗ್ತೈತೆ."

ನೀರು ತುಂಬಿದ ಬಿಂದಿಗೆ ತಂದು ಅವರ ಕೈಗೇ ಕೊಟ್ಟೆ. ಒಳಗೆ ಸೊಸೆ ಫೋನಿನ ಮುಂದೆ ಮಾರುವ ಸೀರೆ ಹರವಿ ಹಿಡಿದಿದ್ದಳು. ಅಜ್ಜಿ ಕಣ್ಣು ಮುಚ್ಚಿಕೊಂಡು ಪೆಟ್ಟಿಗೆಯ ಮೇಲೆ ನೀರು ಸುರಿದರು. ನಿಜ ಹೇಳಬೇಕೆಂದರೆ ನಾನೂ ಮುಚ್ಚಿಕೊಂಡೆ.

"ಸೆರಗು ಕಾಣ್ತೈತಾ ಅಕ್ಕಾ? ಇನ್ನೊಂದ್ಸಲ ತೋರಿಸ್ಲಾ?" ಅನ್ನುವ ಸೊಸೆಯ ದನಿ ಒಳಗಿಂದ ಬರುತ್ತಲೇ ಇತ್ತು.

ಅಜ್ಜಿ ಬಿಂದಿಗೆ ಕೆಳಗಿಟ್ಟು, ಅದೇ ಹೆಬ್ಬೆರಳನ್ನು ಕುಂಕುಮದಲ್ಲಿ ಅದ್ದಿದರು.