ಕೆಂಚಿ ಬೆಟ್ಟ ಇಳಿದದ್ದು

ನಾನು ಚಿಕ್ಕವಳಿದ್ದಾಗ ನಮ್ಮ ಪ್ಲೆಸೆಂಟನ್ ಮನೆಯಲ್ಲಿ ಬೇಸಿಗೆ ರಜೆ ಎಂದರೆ ಅಮ್ಮನ ಬೆನ್ನು ಹತ್ತಿ ದನ ನೋಡಲು ಹೋಗುವುದು. ಗೆಳತಿಯರೆಲ್ಲ ಕ್ಯಾಂಪಿಗೆ, ನಾನು ಸಗಣಿ ವಾಸನೆಗೆ! ಅಮ್ಮ ಪಶುವೈದ್ಯೆ. ಎತ್ತರದ ಬೆಟ್ಟಗಳಲ್ಲಿ ಮೇಯುವ ಕರುಗಳ ಶ್ವಾಸಕೋಶದಲ್ಲಿ ರಕ್ತದ ಒತ್ತಡ ಎಷ್ಟು ಏರುತ್ತದೆ ಎಂದು ಅಳೆಯುವುದು ಅವಳ ಕೆಲಸ. ಕುತ್ತಿಗೆಯ ರಕ್ತನಾಳದೊಳಗೆ ಸಣ್ಣ ಕೊಳವೆ ಇಳಿಸಿ, ಹೃದಯ ದಾಟಿಸಿ ಅಳೆಯುತ್ತಿದ್ದಳು.

ಆ ವರ್ಷ ಹಾಸನದಿಂದ ಅಪ್ಪನ ತಾಯಿ, ನಮ್ಮಜ್ಜಿ, ವಿಮಾನ ಹತ್ತಿ ಬಂದಿದ್ದರು. ಅಪ್ಪ ಹೊಸ ಮಿನಿವ್ಯಾನು ಕೊಂಡಿದ್ದ. ಸೀಟಿನ ಪ್ಲಾಸ್ಟಿಕ್ಕನ್ನೂ ಕೀಳಲು ಬಿಡುತ್ತಿರಲಿಲ್ಲ. ಚಿತ್ರಾನ್ನ ಕಟ್ಟಿಕೊಂಡು ಅದರಲ್ಲೇ ನಾಲ್ವರೂ ಸಿಯೆರಾ ಬೆಟ್ಟದ ಮೇಲೆ ದನ ಸಾಕುವ ರ‍್ಯಾಂಚಿಗೆ ಹೋಗಿ ಅಲ್ಲೇ ಉಳಿದುಕೊಂಡೆವು. ಪೈನ್ ಮರಗಳ ಘಮ, ಬೆಳಿಗ್ಗೆಯೆಲ್ಲ ಚುಮುಚುಮು ಚಳಿ. ಅಲ್ಲೊಂದು ತಬ್ಬಲಿ ಹೆಣ್ಣುಗರು ಬಾಟಲಿ ಹಾಲು ಕುಡಿದು ನನ್ನ ಅಂಗಿ ಚೀಪುತ್ತಿತ್ತು. ಕೆಂದು ಬಣ್ಣ ನೋಡಿ ಅಜ್ಜಿ ಕೆಂಚಿ ಎಂದು ಹೆಸರಿಟ್ಟರು.

ವಾರ ಕಳೆಯುವಷ್ಟರಲ್ಲಿ ಕೆಂಚಿ ಹಾಲು ಬಿಟ್ಟಿತು. ಕೊರಳ ಕೆಳಗಿನ ಗಂಗೆದೊಗಲು ಊದಿಕೊಂಡು ನಿಂತಲ್ಲೇ ಏದುಸಿರು. ಅಮ್ಮ ಅಳೆದು ನೋಡಿ ಮುಖ ಸಣ್ಣದು ಮಾಡಿಕೊಂಡಳು.

"ಇಲ್ಲಿ ಗಾಳಿ ತೆಳು. ಲಂಗ್ಸಲ್ಲಿ ರಕ್ತನಾಳ ಎಲ್ಲಾ ಬಿಗಿದ್ಬಿಟ್ಟಿದೆ, ಪ್ರೆಶರು ತುಂಬಾ ಹೈ. ಹಾರ್ಟು ತಳ್ಳಿ ತಳ್ಳಿ ಸುಸ್ತಾಗಿದೆ. ಇವತ್ತೇ ಕೆಳಗೆ ಇಳಿಸ್ಬೇಕು, ಇಲ್ಲಾಂದ್ರೆ ಉಳಿಯಲ್ಲ."

"ದನದ ಟ್ರೇಲರು ಕರೆಸು," ಎಂದ ಅಪ್ಪ.

"ಅದು ಬರೋದು ನಾಳಿದ್ದು."

ಅಜ್ಜಿ ಸೀದಾ ಹೋಗಿ ಮಿನಿವ್ಯಾನಿನ ಹಿಂಬಾಗಿಲು ತೆಗೆದರು. ಅಪ್ಪ ಹೌಹಾರಿದ.

"ಅವ್ವಾ, ಹೊಸಾ ಕಾರು ಕಣವ್ವಾ!"

"ಹೊಸಾದು ಅಂತ್ಲೇ ಹೇಳ್ತಿರೋದು. ಹೊಸಾ ಮನೆಗೆ ಹಸು ಕರ ನುಗ್ಸಲ್ವಾ? ಹೊಸಾ ಕಾರಿಗ್ಯಾಕೆ ಬ್ಯಾಡ? ಬಲಗಾಲು ಮೊದ್ಲು ಇಡ್ಸು, ನಡಿ!"

ಅಪ್ಪ ತೆಪ್ಪಗೆ ಸೀಟು ಮಡಚಿದ. ರ‍್ಯಾಂಚಿನ ಯಜಮಾನ ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಕರುವನ್ನು ಎತ್ತಿ ಒಳಗಿಟ್ಟ.

ಅಜ್ಜಿ ಹಿಂದೆ ಕೂತು ಕೆಂಚಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಗಾಬರಿಯಾದರೆ ಒತ್ತಡ ಇನ್ನೂ ಏರುತ್ತದೆ ಎಂದು ಅಮ್ಮ ಎಲ್ಲರ ಬಾಯಿ ಮುಚ್ಚಿಸಿದ್ದಳು. ಕೆಂಚಿ ಮಾತ್ರ ದಾರಿಯುದ್ದಕ್ಕೂ ತನ್ನ ಕೆಲಸ ಧಾರಾಳವಾಗಿ ಮಾಡಿತು. ಅಪ್ಪ ಕನ್ನಡಿಯಲ್ಲಿ ನೋಡುವುದು, "ಶಿವಶಿವಾ" ಎನ್ನುವುದು. ಬೆಟ್ಟ ಇಳಿದಂತೆ ಏದುಸಿರು ತಗ್ಗುತ್ತಾ ಬಂತು. ಫ್ರೀವೇ ಬಯಲಿಗೆ ಬರುವ ಹೊತ್ತಿಗೆ ಕೆಂಚಿ ತಲೆ ಎತ್ತಿ "ಅಂಬಾ" ಎಂದಿತು! ನಾನು ಅತ್ತೇಬಿಟ್ಟೆ. ಅಪ್ಪನೂ ಕಣ್ಣೊರೆಸಿಕೊಂಡ. ಕೇಳಿದರೆ, "ವಾಸನೆ ಕಣೇ" ಎಂದ.

ಆಮೇಲೆ ಅಮ್ಮ ಮತ್ತೆ ಅಳೆದಾಗ ಒತ್ತಡ ಇಳಿದಿತ್ತು. ಕೆಂಚಿಯನ್ನು ಮತ್ತೆಂದೂ ಬೆಟ್ಟ ಹತ್ತಿಸಲಿಲ್ಲ. ನಮ್ಮ ಮನೆ ಹತ್ತಿರದ ಲಿವರ್ಮೋರಿನ ಹುಲ್ಲುಗಾವಲಲ್ಲಿ ಬೆಳೆದು ಮೂರು ಕರು ಹಾಕಿತು.

ಈಗ ಅಜ್ಜಿ ಇಲ್ಲ. ಮೊನ್ನೆ ಈ ಕತೆ ಹೇಳಿದಾಗ ನನ್ನ ಮಗಳು ಮೊದಲು ಕೇಳಿದ್ದು, "ವಾಸ್ ದಟ್ ಅಲೌಡ್?"

ಅಂದು ನಮ್ಮಲ್ಲಿ ಯಾರಿಗೂ ಕರುವನ್ನು ಕಾರಿನಲ್ಲಿ ಒಯ್ಯಲು ಅನುಮತಿ ಇದೆಯೇ ಎಂಬ ಪ್ರಶ್ನೆ ಹೊಳೆದಿರಲಿಲ್ಲ. ಈಗ ನನ್ನ ಬಾಯಲ್ಲೂ ಮೊದಲು ಬರುವುದು ಅದೇ. ಅಂಥ ಕರು ಇವತ್ತು ನನ್ನ ಕೈಗೆ ಸಿಕ್ಕಿದ್ದರೆ, ನಿಜ ಹೇಳುತ್ತೇನೆ, ನಾನು ಟ್ರೇಲರಿಗೆ ಕಾಯುತ್ತಿದ್ದೆ. ಕೆಂಚಿ ಉಳಿಯುತ್ತಿರಲಿಲ್ಲ.