ಹೆಸರು ಕೇಳಬಾರದ ಕಟ್ಟೆ

ನಮ್ಮೂರ ಪರದೇಶಿ ಕಟ್ಟೆಯ ಮೇಲೆ ಕೂತವರ ಹೆಸರು ಕೇಳಬಾರದು. ಊಟ ಆಯಿತೇ ಎಂದು ಕೇಳಬಹುದು, ಮುಂದೆ ಯಾವ ಕಡೆ ಹೊರಟಿರಿ ಎಂದು ಕೇಳಬಹುದು. ಹೆಸರು ಮಾತ್ರ ಇಲ್ಲ. ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಗೆ ಸ್ವಲ್ಪ ಒಳಗೆ, ಮೆಟ್ಟಿಲು ಬಾವಿಯ ದಂಡೆಯಲ್ಲಿ, ಬೇವಿನ ಮರದ ಕೆಳಗೆ ಆ ಕಟ್ಟೆ ಇದೆ. ಎದುರಿಗೇ ನಮ್ಮ ದೊಡ್ಡವ್ವನ ಕಿರಾಣಿ ಅಂಗಡಿ. ಚಿಕ್ಕವಳಿದ್ದಾಗ ಒಮ್ಮೆ ನಾನು ಈ ನಿಯಮ ಮುರಿದು ದೊಡ್ಡವ್ವನಿಂದ ತಲೆಗೆ ಮೊಟಕಿಸಿಕೊಂಡಿದ್ದೇನೆ. ಆವತ್ತು ನಾನು ಹೆಸರು ಕೇಳಿದ್ದು ಹಿಂಗಿನವನದು.

ಅಡುಗೆಯ ಇಂಗಿಗೆ ನಮ್ಮ ಕಡೆ ಹಿಂಗು ಎನ್ನುತ್ತಾರೆ. ಪ್ರತಿ ವರ್ಷ ತೊಗರಿ ಹೂವಾಗುವ ಹೊತ್ತಿಗೆ ಉತ್ತರದಿಂದ ಈ ಮನುಷ್ಯ ಬರುತ್ತಿದ್ದ. ಹೆಗಲಿಗೊಂದು ಸಣ್ಣ ಚೀಲ, ಕೈಯಲ್ಲೊಂದು ದೊಡ್ಡ ಚೀಲ. ಬಾವಿಗಿಳಿದು ಮುಖ ತೊಳೆದು ಕಟ್ಟೆಯ ಮೇಲೆ ಕೂರುವಷ್ಟರಲ್ಲಿ ಅಂಗಡಿಯೊಳಗಿನ ಬೆಲ್ಲಕ್ಕೂ ಆ ವಾಸನೆ ಹತ್ತಿರುತ್ತಿತ್ತು. ದೊಡ್ಡ ಚೀಲವನ್ನು ದೊಡ್ಡವ್ವನ ಅಂಗಡಿಯಲ್ಲಿಟ್ಟು, ಸಣ್ಣದನ್ನು ಹೊತ್ತು ಸುತ್ತಲ ಊರು ತಿರುಗಿ ಬರುವುದು ಅವನ ರೂಢಿ.

"ಹೆಸರ ಕೇಳಿದ್ರ ಬಾವಿ ನೀರ ಇಳೀತದ," ಎಂದಳು ದೊಡ್ಡವ್ವ, ಮೊಟಕಿದ ಮೇಲೆ.

"ಮತ್ತ ಅವಂಗ ಏನಂತ ಕರೀಬೇಕು?"

"ಹಿಂಗ ಮಾರ್ತಾನ, ಹಿಂಗಿನಂವ ಅನ್ನು. ಯಾಕ, ಹಿಂಗ ಅಂದ್ರ ನಿನಗ ಹ್ಯಾಂಗ ಆಗ್ತದ?"

ಕಟ್ಟೆಯ ಮೇಲಿದ್ದ ಹಿಂಗಿನವನು ನಕ್ಕ. ನಾನು ನಗಲಿಲ್ಲ. ಹೆಸರಿಗೂ ನೀರಿಗೂ ಏನು ಸಂಬಂಧ, ಯಾರು ಕೇಳಿ ನೋಡಿದ್ದಾರೆ, ಎಷ್ಟು ಇಳಿಯಿತು, ಅಳೆದವರು ಯಾರು ಎಂದು ಆ ವಯಸ್ಸಿನಲ್ಲೇ ಗಂಟುಬಿದ್ದೆ. ದೊಡ್ಡವ್ವ ಕೈಗೊಂದು ಪೆಪ್ಪರಮೆಂಟು ಕೊಟ್ಟು, "ಇದನ ಚೀಪು, ಬಾಯಿ ಸುಮ್ಮನಿರ್ತದ" ಎಂದಳು.

ಬಾಯಿ ಸುಮ್ಮನಿರಲಿಲ್ಲ. ಕಲಬುರಗಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯೇ ನನ್ನ ಕಸುಬಾಯಿತು. ಪರವಾಗಿ ಮಾತಾಡೆಂದರೆ ಪರ, ವಿರೋಧವಾಗಿ ಎಂದರೆ ವಿರೋಧ. ನಾಡನ್ನು ಕಟ್ಟಿದ್ದು ಯುದ್ಧವೋ ವ್ಯಾಪಾರವೋ ಎಂಬ ವಿಷಯ ಬಂದಾಗ ನನ್ನ ಪಾಲಿಗೆ ವ್ಯಾಪಾರ ಬಂತು. ಗ್ರಂಥಾಲಯದಲ್ಲಿ ಕೂತು ಓದಿದೆ. ಪಡುವಣ ಸಮುದ್ರ ದಾಟಿ ಬಂದ ಅರಬ್ಬಿ ಕುದುರೆಗಳು ಘಟ್ಟ ಹತ್ತಿ ದಖ್ಖನಿಗೆ ಬರುತ್ತಿದ್ದವು. ಶಿವನ ಮುಂದೆ ಉರಿಯುತ್ತಿದ್ದ ಒಳ್ಳೆಯ ಕರ್ಪೂರ ಮೂಡಣ ದ್ವೀಪಗಳಿಂದ ಹಡಗೇರಿ ಬರುತ್ತಿತ್ತು. ನಮ್ಮ ಸಾರಿನ ಇಂಗು ಬೆಳೆಯುವುದು ಇರಾನಿನ ಕಡೆಯ ಒಣ ಗುಡ್ಡಗಳಲ್ಲಿ. ಕುದುರೆಗಳನ್ನು ನಡೆಸಿ, ಉಳಿದದ್ದನ್ನು ಎತ್ತಿನ ಮೇಲೆ ಹೇರಿ ಸಾಗಿಸುತ್ತಿದ್ದ ವರ್ತಕ ಸಂಘಗಳ ಶಾಸನಗಳಲ್ಲಿ ಸ್ವದೇಶಿ, ಪರದೇಶಿ, ನಾನಾದೇಶಿ ಎಂಬ ಮಾತುಗಳಿದ್ದವು. ಹೆಮ್ಮೆಯ ಬಿರುದುಗಳ ನಡುವೆ, ಎದೆಯುಬ್ಬಿಸಿ ಹೇಳಿಕೊಂಡ ಮಾತುಗಳು.

ಪರದೇಶಿ! ನಮ್ಮ ಮನೆಗಳಲ್ಲಿ ಅದು ಬೈಗುಳ. ದಿಕ್ಕಿಲ್ಲದವನು, ಯಾರೂ ಇಲ್ಲದವನು. ಹೊತ್ತಿಗೆ ಸರಿಯಾಗಿ ಮನೆಗೆ ಬಾರದ ಮಗನಿಗೆ ತಾಯಿ "ಎಲ್ಲಿ ಹಾಳಾಗಿ ಹೋಗಿದ್ದೆ, ಪರದೇಶಿ" ಎನ್ನುತ್ತಾಳೆ. ಸ್ಪರ್ಧೆ ಗೆದ್ದು ಊರಿಗೆ ಬಂದವಳೇ ದೊಡ್ಡವ್ವನಿಗೆ ಇದನ್ನೆಲ್ಲ ಹೇಳಿದೆ. ಕಟ್ಟೆಗೆ ಒಂದು ಸವೆದ ಕಲ್ಲನ್ನು ಒರಗಿಸಿಟ್ಟಿದ್ದಾರೆ; ಅದರ ಮೇಲೆ ಕೆತ್ತಿರುವುದು ವರ್ತಕ ಸಂಘದ ಗುರುತಾದ ಚೀಲ, ಊರವರು ನಂಬಿದಂತೆ ಲಿಂಗವಲ್ಲ ಎಂದೂ ಹೇಳಿದೆ.

"ಚೀಲ ಅಂತ ಯಾರ ಹೇಳ್ಯಾರ?"

"ನೋಡಿದ್ರ ಗೊತ್ತಾಗ್ತದಲ್ಲ."

"ನನಗ ನೋಡಿದ್ರ ಲಿಂಗ ಕಾಣ್ತದ. ಪರದೇಶಿ ಅಂದ್ರ ಯಾವನೋ ತಂದಿ ತಾಯಿ ಇಲ್ಲದಂವ. ನೀರಿಗೆ ಬಂದು ಬಾವ್ಯಾಗ ಬಿದ್ದು ಸತ್ತಾನ. ಸಾಯೂ ಮುಂದ ಅವನ ಹೆಸರ ಯಾರಿಗೂ ಗೊತ್ತಿರಲಿಲ್ಲ. ಅದಕ್ಕ ಕೇಳಬಾರದು."

ಅವಳ ಕತೆಗೂ ಆಧಾರವಿರಲಿಲ್ಲ, ನನ್ನ ಚೀಲಕ್ಕೂ ಇರಲಿಲ್ಲ. ಕಲ್ಲು ಅಷ್ಟು ಸವೆದಿದೆ. ಅದೊಂದನ್ನು ಒಪ್ಪಿಕೊಳ್ಳುವಷ್ಟು ಪ್ರಾಮಾಣಿಕತೆ ನನಗಿದೆ.

ಕಳೆದ ವರ್ಷ ತೊಗರಿ ಇನ್ನೂ ಹೂ ಬಿಟ್ಟಿರಲಿಲ್ಲ, ಕಟ್ಟೆಯ ಮೇಲೆ ನಮ್ಮ ಓಣಿಯ ಒಬ್ಬ ಹುಡುಗ ಬಂದು ಕೂರತೊಡಗಿದ. ಡಿಗ್ರಿ ಮುಗಿಸಿದ್ದ. ಹೈಸ್ಕೂಲಿನಲ್ಲಿ ಚರ್ಚಾಸ್ಪರ್ಧೆಗೆ ಅವನನ್ನು ತಯಾರು ಮಾಡಿದ್ದು ನಾನೇ. ಚುರುಕು ಬುದ್ಧಿ, ಒಳ್ಳೆಯ ದನಿ. ಬೆಳಗಿನಿಂದ ಸಂಜೆಯವರೆಗೆ ಮೊಬೈಲು ಹಿಡಿದು ಕೂರುತ್ತಿದ್ದ. ಮೊದಲು ಗಾದಿಯ ಹತ್ತಿ ಹಿಂಜುವವನು ಬಂದ. ಹುಡುಗ ಕೇಳಿದ, "ನಿಮ್ಮ ಹೆಸರೇನ್ರಿ?" ಆಮೇಲೆ ಗುರುಮಠಕಲ್ ಕಡೆಯಿಂದ ಬಳೆ ಮಾರುವವಳು. "ಹೆಸರೇನ್ರಿ ಅಕ್ಕಾ? ಆಧಾರ್ ಕಾರ್ಡ್ ಅದ ಏನ್ರಿ?" ಒಂದು ಸಲವೂ ದನಿ ಏರಿಸಲಿಲ್ಲ. ನಮ್ಮ ಭಾಷೆಯ 'ರಿ' ಅಷ್ಟು ತಣ್ಣಗಿರಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. ಬಳೆಯವಳು ಹೆಸರು ಹೇಳಿ, ಕಾರ್ಡು ತೋರಿಸಿ, ನೀರು ಕುಡಿಯದೆ ಹೋದಳು. ಆಮೇಲೆ ಬರಲಿಲ್ಲ.

ದೊಡ್ಡವ್ವ ಅಂಗಡಿಯಿಂದಲೇ ಕೂಗಿದಳು, "ತಮ್ಮಾ, ಈ ಕಟ್ಟಿ ಮ್ಯಾಲ ಹೆಸರ ಕೇಳಬಾರದು, ನಿಮ್ಮಜ್ಜ ಹೇಳಿಲ್ಲೇನು?"

"ಯಾಕ ಕೇಳಬಾರದು, ದೊಡ್ಡವ್ವಾ?"

"ನೀರ ಇಳೀತದ."

ಅವನು ನನ್ನ ಕಡೆ ತಿರುಗಿದ. "ಅಕ್ಕಾ, ನೀವೇ ಹೇಳ್ರಿ. ಇಳೀತದ ಏನು?"

ಇಳಿಯುವುದಿಲ್ಲ ಎಂದೆ. ಬೇರೆ ಏನು ಹೇಳಲಿ? ಸುಳ್ಳು ಹೇಳಲೇ? "ಆದ್ರ ಕೇಳಿ ಏನ ಮಾಡ್ತಿ?" ಎಂದು ಕೇಳಿದೆ.

"ಕೇಳಿದ್ರ ತಪ್ಪೇನದ ಅಂತ ನಾ ಕೇಳಾಕತ್ತೇನಿ. ಒಳ್ಳೆಯವ ಇದ್ರ ಹೇಳ್ತಾನ. ಹೇಳಾಕ ಅಂಜಿದ್ರ ಯಾಕ ಅಂಜಿದ ಅಂತ ನೋಡೂದು."

ಎದುರಾಳಿಯನ್ನು ಎರಡೇ ದಾರಿಗೆ ತಂದು ನಿಲ್ಲಿಸಬೇಕು, ಎರಡೂ ಕಡೆ ಗೆಲುವು ನಿನ್ನದೇ ಇರಬೇಕು. ಇದು ನಾನು ಅವನಿಗೆ ಹೇಳಿಕೊಟ್ಟ ಪಟ್ಟು. ಮೂರನೆಯ ದಾರಿ ಎಂಬುದು ಇರುತ್ತದೆ ಎಂದೆ. ಯಾವುದದು ಎಂದು ಅವನು ಕೇಳಿದ. ಆಗ ನನಗೆ ಹೊಳೆಯಲಿಲ್ಲ. ಅಷ್ಟರಲ್ಲಿ ಹಿಂಗಿನವನು ಬರುವ ಕಾಲ ಹತ್ತಿರವಾಗಿತ್ತು. ದೊಡ್ಡವ್ವ ಮಾತಿಗೊಮ್ಮೆ ರಸ್ತೆ ನೋಡುತ್ತಿದ್ದಳು. "ಈ ವರ್ಷ ಬರದಿದ್ರ ಚೊಲೊ," ಎಂದು ಒಂದು ದಿನ ತನಗೇ ಹೇಳಿಕೊಂಡಳು.

ಬಂದೇ ಬಂದ. ಬಿಸಿಲು ಇಳಿಯುವ ಮೊದಲು, ಅದೇ ಎರಡು ಚೀಲ, ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಬಾವಿಗೆ ಹೊಸದಾಗಿ ಹಾಕಿದ ಕಬ್ಬಿಣದ ಜಾಳಿಗೆಯನ್ನು ಮುಟ್ಟಿ ನೋಡಿ, ದೊಡ್ಡವ್ವ ಕೊಟ್ಟ ತಂಬಿಗೆಯ ನೀರಲ್ಲಿ ಮುಖ ತೊಳೆದು, ಕಟ್ಟೆಯ ಮೇಲೆ ಕೂತ. ಪಕ್ಕದಲ್ಲಿದ್ದ ಹುಡುಗ ಮೊಬೈಲನ್ನು ಅವನ ಮುಖಕ್ಕೆ ಹಿಡಿದ.

"ಚಾಚಾ, ನಿಮ್ಮ ಹೆಸರೇನ್ರಿ?"

ಹಿಂಗಿನವನು ಹುಡುಗನನ್ನು ನೋಡಿದ, ಕಲ್ಲನ್ನು ನೋಡಿದ. ತಪ್ಪು ಮಾಡುತ್ತಿರುವ ಮಗುವಿಗೆ ಹೇಳುವಂತೆ ಹೇಳಿದ, "ಇಲ್ಲಿ ಕೇಳಬಾರದು, ಬೇಟಾ."

"ಯಾಕ ಹೇಳೂದಿಲ್ಲ?"

"ನಿಮ್ಮ ಊರಿಂದೇ ಕಾನೂನು. ಈ ಕಟ್ಟಿ ಮ್ಯಾಲ ಹೆಸರು ಇಲ್ಲ. ನಿಮ್ಮ ದಾದಾ, ನಿಮ್ಮ ಅಜ್ಜ, ನನಗ ಕಲಿಸ್ಯಾರ."

"ಅಂದ್ರ ಹೇಳೂದಿಲ್ಲ ಅಂತೀರಿ."

"ಹೇಳ್ತೀನಿ, ಹೇಳ್ತೀನಿ. ಕಟ್ಟಿ ಇಳದು ಹೇಳ್ತೀನಿ," ಎಂದು ಅವನು ಎದ್ದ. ಸಣ್ಣ ಚೀಲ ಹೆಗಲಿಗೇರಿಸಿ, ಕಟ್ಟೆಯಿಂದಿಳಿದು, ನಾನು ನಿಂತಿದ್ದ ರಸ್ತೆಯಂಚಿನವರೆಗೂ ನಡೆದು ಬಂದ. ಬಾವಿಗೆ ಸಾಕಷ್ಟು ದೂರವಾಯಿತು ಎಂದು ಖಾತ್ರಿ ಮಾಡಿಕೊಳ್ಳುವವನಂತೆ ಹಿಂದೆ ನೋಡಿ, ತನ್ನ ಹೆಸರು ಹೇಳಿದ. ತಂದೆಯ ಹೆಸರನ್ನೂ ಸೇರಿಸಿ ಹೇಳಿದ. ಅಷ್ಟರಲ್ಲಿ ಹುಡುಗ ಮೊಬೈಲು ಇಳಿಸಿ ಅದರ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ. ಕೇಳಿಸಿಕೊಂಡಿದ್ದು ನಾನೊಬ್ಬಳೇ.

ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಯಾವ ಜಾತಿಯ ಹೆಸರಿರಬಹುದು ಎಂಬ ಕುತೂಹಲ ಓದುವವರಿಗೆ ಹುಟ್ಟಿದ್ದರೆ, ಕ್ಷಮಿಸಿ, ನೀವೂ ಆ ಹುಡುಗನ ಪಕ್ಕದಲ್ಲೇ ಕೂತಿದ್ದೀರಿ.

"ಅವರು ಹೇಳಿದ್ರು, ಕೇಳ್ಕೊ," ಎಂದು ನಾನು ಹುಡುಗನಿಗೆ ಕೂಗಿದೆ.

"ಸಾಕ್ರಿ ಅಕ್ಕಾ, ವಿಡಿಯೋ ಆತು."

ದೊಡ್ಡವ್ವ ದೊಡ್ಡ ಚೀಲ ಒಳಗಿಟ್ಟುಕೊಂಡಳು. "ಇವತ್ತ ಊರ ತಿರಗಬ್ಯಾಡ. ಬಸ್ಸಿಗೆ ಹೋಗಿಬಿಡು," ಎಂದಳು. "ಅಕ್ಕಾ, ಪ್ರತಿ ವರ್ಷ ಹೋಗ್ತೀನಲ್ಲ," ಎಂದು ನಕ್ಕು ಅವನು ವನದುರ್ಗದ ಕಡೆ ಹೋಗುವ ಟಂಟಂ ಆಟೋ ಹತ್ತಿದ.

ವಿಡಿಯೋ ನನ್ನ ಮೊಬೈಲಿಗೆ ಬಂದಾಗ ದೊಡ್ಡವ್ವ ಇನ್ನೂ ಆ ಸಂಜೆಯ ದೀಪ ಹಚ್ಚಿರಲಿಲ್ಲ. ಕಳಿಸಿದವಳು ಆ ದಾರಿಯ ಇನ್ನೊಂದು ಊರಿಗೆ ಕೊಟ್ಟ ನನ್ನ ಗೆಳತಿ. ಹೆಸರೇನ್ರಿ ಎಂದು ಕೇಳುವುದು, ಮುದುಕ ಏನೋ ಗೊಣಗುವುದು, ಎದ್ದು ನಡೆದುಬಿಡುವುದು. ಅಷ್ಟೇ. ಕೆಳಗೆ ಯಾರೋ ಬರೆದಿದ್ದರು: ಹೆಸರು ಕೇಳಿದರೆ ಓಡುತ್ತಾನೆ, ಎಚ್ಚರ. ಗೆಳತಿ ಕೆಳಗೇ ಸೇರಿಸಿದ್ದಳು: ಈತ ಈಗ ನಮ್ಮೂರಾಗ ಅಗಸಿ ಮುಂದ ಕುಂತಾನ, ಮಂದಿ ಕೂಡಾಕತ್ತಾರ.

ಹಿಂದೆ ವರ್ತಕರ ಹೇರಿನ ಜೊತೆಗೇ ದೂರದ ಸುದ್ದಿ ಬರುತ್ತಿತ್ತಂತೆ. ಇಲ್ಲಿ ಸುದ್ದಿ ಅವನಿಗಿಂತ ಮೊದಲು ಹೋಗಿ ಊರಬಾಗಿಲಲ್ಲಿ, ಅಗಸಿಯಲ್ಲಿ ಕಾಯುತ್ತಿತ್ತು.

ನಾನು ಸ್ಕೂಟಿ ತೆಗೆದೆ. ದೊಡ್ಡವ್ವ ಅಂಗಡಿಯ ಕದ ಎಳೆದುಕೊಂಡು ಹಿಂದೆ ಕೂತಳು. ದಾರಿಯುದ್ದಕ್ಕೂ ನಾನು ಮಾತು ಜೋಡಿಸಿದೆ. ವಿಡಿಯೋ ಪೂರ್ತಿಯಾಗಿಲ್ಲ, ಒಬ್ಬ ವ್ಯಾಪಾರಿಯ ಹೆಸರು ಕೇಳುವ ಅಧಿಕಾರ ನಿಮಗಿಲ್ಲ, ನಾನು ಸಾಕ್ಷಿ. ಚೆನ್ನಾಗಿತ್ತು ವಾದ. ಎರಡೂ ಕಡೆ ಭತ್ತದ ಗದ್ದೆ, ಕಾಲುವೆಯ ನೀರು ಕಪ್ಪಗೆ ಹರಿಯುತ್ತಿತ್ತು.

ಅಗಸಿಯ ಮುಂದೆ ಅವನು ನೆಲದ ಮೇಲೆ ಕೂತಿದ್ದ. ಚೀಲ ಬಿಚ್ಚಿ ಹರಡಿದ್ದರು. ಹಿಂಗಿನ ವಾಸನೆ ಗಾಳಿಯ ತುಂಬ ಇತ್ತು. ಯಾರೂ ಕೈ ಮಾಡಿರಲಿಲ್ಲ. ಯಾರೂ ಕೂಗುತ್ತಿರಲೂ ಇಲ್ಲ. ಸುತ್ತ ನಿಂತವರ ಕೈಯಲ್ಲೆಲ್ಲ ಮೊಬೈಲುಗಳಿದ್ದವು. ನಾನು ಬಾಯಿ ತೆರೆದೆ. ನಡುವೆ ನಿಂತಿದ್ದ ಒಬ್ಬ ಬಿಳಿ ಅಂಗಿಯವನು ಅರ್ಧಕ್ಕೇ ಕೈ ತೋರಿಸಿದ.

"ಇರ್ರಿ ಅಕ್ಕಾ. ಅಮ್ಮಾ, ಈತ ನಿಮಗ ಗುರುತದಾನ?"

"ನಾ ಸೀರಿ ನೆರಿ ಹಿಡಿಯೂದ ಕಲಿತಾಗಿಂದ ಬರ್ತಾನ," ಎಂದಳು ಬಿಳಿ ತಲೆಯ ದೊಡ್ಡವ್ವ.

"ಹಂಗಾದ್ರ ಹೆಸರ ಹೇಳ್ರಿ ನೋಡೂಣು."

ದೊಡ್ಡವ್ವನಿಗೆ ಗೊತ್ತಿರಲಿಲ್ಲ. ಅವಳ ಹರೆಯದಿಂದ ಮುಪ್ಪಿನವರೆಗೆ ಅವನು ಬಂದು ಹೋಗಿದ್ದ, ಅವಳು ಕೇಳಿರಲಿಲ್ಲ. ಅವಳು ನನ್ನ ಮುಖ ನೋಡಿದಳು. ನನಗೆ ಗೊತ್ತಿತ್ತು. ಹೇಳಿದರೆ ಗುರುತಿರುವುದು ನಿಜವಾಗುತ್ತದೆ. ಆದರೆ ಅವರಿಗೆ ಬೇಕಾಗಿದ್ದದ್ದು ಆ ಹೆಸರೇ. ಗುಂಪಿನಲ್ಲಿ ಯಾರೋ ಒಬ್ಬರು ಒಂದು ಹೆಜ್ಜೆ ಮುಂದೆ ಬಂದರು.

ಆಗ ದೊಡ್ಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಒದರಿದಳು, "ಏ ಪರದೇಶಿ! ಏಳೋ ಮ್ಯಾಲ! ಮನಿ ತುಂಬ ನಾತ ಮಾಡಿ ಇಲ್ಲಿ ಬಂದು ಕುಂತೀ ಏನ? ನಿನ್ನ ಚೀಲ ಯಾರ ಕಾಯಬೇಕು, ನಿಮ್ಮಪ್ಪನ? ಎಷ್ಟ ಸರ್ತಿ ಹೇಳ್ಬೇಕು ನಿನಗ, ಪರದೇಶಿ!"

ಹಿಂಗಿನವನು ಥಟ್ಟನೆ ಎದ್ದ. ಬೈಸಿಕೊಂಡ ಮಗನ ಹಾಗೆ ತಲೆ ತಗ್ಗಿಸಿ ಚೀಲ ತುಂಬತೊಡಗಿದ. ಒಬ್ಬ ಹೆಂಗಸು ಬಾಯಿಗೆ ಸೆರಗು ಹಚ್ಚಿ ನಕ್ಕಳು. ಮತ್ತೊಬ್ಬ ನಕ್ಕ. "ಮುದುಕಿ ಮನ್ಯಾನ ಮಂದೀನ ಬೈದಂಗ ಬೈತದ," ಎಂದ. ನಮ್ಮಲ್ಲಿ ಹೊರಗಿನವರನ್ನು ಯಾರೂ ಪರದೇಶಿ ಎಂದು ಬಯ್ಯುವುದಿಲ್ಲ. ಅದು ಮನೆಯವರಿಗಷ್ಟೇ ಮೀಸಲು. ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು. ಗುಂಪು ಸಡಿಲವಾಯಿತು. ನನ್ನ ಅಷ್ಟು ಚೆಂದದ ವಾದ ಬಾಯೊಳಗೇ ಉಳಿಯಿತು.

ಸ್ಕೂಟಿಯ ಹತ್ತಿರ ಬಿಳಿ ಅಂಗಿಯವನು ಬಂದ. ಅವನು ನಕ್ಕಿರಲಿಲ್ಲ.

"ಅಕ್ಕಾ, ನಿಮ್ಮ ಹೆಸರೇನ್ರಿ?"

ಹೇಳಿದೆ.

"ನಿಮ್ಮ ತಂದಿಯವರ ಹೆಸರು? ಮನಿ ಯಾವ ಓಣ್ಯಾಗ ಬರ್ತದ್ರಿ?"

ಅದನ್ನೂ ಹೇಳಿದೆ. ಅವನು ಚೆನ್ನಾಗಿ ಕೈ ಮುಗಿದ.

ಹಿಂಗಿನವನನ್ನು ನಾವು ಸ್ಕೂಟಿಯ ಮೇಲೆಯೇ ಊರಿಗೆ ಕರೆತಂದು ಯಾದಗಿರಿಯ ಬಸ್ಸಿಗೆ ಹತ್ತಿಸಿದೆವು. ಅಲ್ಲಿಂದ ಅವನಿಗೆ ರೈಲು. ದೊಡ್ಡ ಚೀಲವನ್ನು ಕಿಟಕಿಯಲ್ಲಿ ಕೊಡುವಾಗ ಬರುವ ವರ್ಷ ಬಾ ಎಂದು ದೊಡ್ಡವ್ವ ಹೇಳಲಿಲ್ಲ, ಬರುತ್ತೇನೆ ಎಂದು ಅವನೂ ಹೇಳಲಿಲ್ಲ.

ಈಗ ತೊಗರಿ ಮತ್ತೆ ಹೂ ಬಿಟ್ಟಿದೆ. ಹಿಂಗಿನವನು ಇನ್ನೂ ಬಂದಿಲ್ಲ. ಹುಡುಗ ಕಟ್ಟೆಯ ಮೇಲೆ ಕೂರುವುದನ್ನು ಬಿಟ್ಟಿದ್ದಾನೆ. ಅದರ ಅಗತ್ಯ ಉಳಿದಿಲ್ಲ. ಮೊನ್ನೆ ಒಬ್ಬ ಚಾದರ ಮಾರುವವನು ಅಂಗಡಿಗೆ ನೀರು ಕೇಳಿಕೊಂಡು ಬಂದ. ತಂಬಿಗೆಗೆ ಕೈ ಚಾಚುವ ಮೊದಲು, ಯಾರೂ ಕೇಳದೆ, ತನ್ನ ಹೆಸರು, ತಂದೆಯ ಹೆಸರು, ಊರು ಎಲ್ಲವನ್ನೂ ಒಪ್ಪಿಸಿದ. ದೊಡ್ಡವ್ವ ಕಿವಿ ಮುಚ್ಚಿಕೊಂಡಳು.

ಬಾವಿಯನ್ನು ನಾನು ದಿನಾ ಬಗ್ಗಿ ನೋಡುತ್ತೇನೆ. ನೀರು ಇಳಿದಿಲ್ಲ. ಕಾಲುವೆಯಿಂದ ಬಸಿದ ನೀರು ಸೇರಿ ಜಾಳಿಗೆ ಮುಟ್ಟುವಷ್ಟು ಏರಿದೆ. ಹಸಿರುಗಟ್ಟಿದೆ, ಕುಡಿಯುವವರಿಲ್ಲ. ನಾನು ಹೇಳಿದ್ದೇ ನಿಜವಾಯಿತು ಎಂದು ದೊಡ್ಡವ್ವನಿಗೆ ಹೇಳಬಹುದು. ಅವಳು ಈಗ ನನ್ನ ಜೊತೆ ವಾದಕ್ಕೆ ಬರುವುದಿಲ್ಲ.